ಸೋಲಬಲ್ಲ ಸಿದ್ಧಾಂತದ ಗೌರವ

ವಿಶ್ವದ ಹುಟ್ಟನ್ನು ಕುರಿತ ಎರಡು ಮಾತುಗಳು ಇಂದು ನಮ್ಮ ಮನೆಯಂಗಳದವರೆಗೂ ಬಂದಿವೆ. "ಮಹಾಸ್ಫೋಟವನ್ನು ವಿಜ್ಞಾನ ಸಾಬೀತುಪಡಿಸಿದೆ; ಆದ್ದರಿಂದ ಸೃಷ್ಟಿಕರ್ತನಿದ್ದಾನೆಂಬುದೂ ಸಾಬೀತಾದಂತಾಯಿತು" ಎಂಬುದು ಒಂದು. "ನಮ್ಮ ವಿಶ್ವದಂಥ ವಿಶ್ವಗಳು ಎಣಿಕೆಗೆ ಮೀರಿ ಇವೆಯಂತೆ, ಹಾಗಿದ್ದ ಮೇಲೆ ಸೃಷ್ಟಿಕರ್ತನ ಅಗತ್ಯವಾದರೂ ಏನು?" ಎಂಬುದು ಇನ್ನೊಂದು. ಮೊದಲನೆಯದನ್ನು ಹಿರಿಯರು ಸಂತೋಷದಿಂದ ಹೇಳುತ್ತಾರೆ. ಎರಡನೆಯದನ್ನು ಕಾಲೇಜಿಗೆ ಹೋಗುವ ಮಕ್ಕಳು ಊಟದ ಹೊತ್ತಿಗೆ ಮನೆಗೆ ತರುತ್ತಾರೆ. ಇಬ್ಬರೂ ವಿಜ್ಞಾನದ ಹೆಸರಿನಲ್ಲೇ ಮಾತನಾಡುತ್ತಾರೆ. ಆದರೆ ಇವೆರಡಕ್ಕೂ ತಲೆದೂಗುವ ಅಥವಾ ತಲೆ ಅಲ್ಲಾಡಿಸುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ: ಇಲ್ಲಿ ಹೆಸರಿಸಿದ ಸಿದ್ಧಾಂತವು ಪರೀಕ್ಷೆಗೆ ಒಳಗಾಗಿದೆಯೇ? ಒಳಗಾಗಬಲ್ಲದೇ?

ಈ ಪ್ರಶ್ನೆಯನ್ನು ವಿಜ್ಞಾನಿಗಳೇ ಒಬ್ಬರಿಗೊಬ್ಬರು ಕೇಳಿಕೊಂಡು, 2017ರಲ್ಲಿ ಬಹಿರಂಗವಾಗಿ ವಾದಕ್ಕಿಳಿದರು. ಆ ವಾದದಲ್ಲಿ ಎರಡೂ ಪಕ್ಷದವರು ಆಡಿದ ಮಾತುಗಳನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ತಕ್ಕಡಿ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು.

ಕಣಿ ಹೇಳುವವನು "ನಿನ್ನ ಮನಸ್ಸಿನಲ್ಲಿ ಒಂದು ಚಿಂತೆಯಿದೆ, ಕಾಲ ಬಂದಾಗ ತೀರುತ್ತದೆ" ಎನ್ನುತ್ತಾನೆ. ಆ ಮಾತು ಎಂದೂ ಸುಳ್ಳಾಗದು. ಸುಳ್ಳಾಗದಿರುವುದೇ ಅದರ ದೋಷ. ಏನೇ ಸಂಭವಿಸಿದರೂ ಹೊಂದಿಕೊಳ್ಳುವ ಮಾತು ನಮಗೆ ಹೊಸದೇನನ್ನೂ ತಿಳಿಸುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಐನ್‌ಸ್ಟೈನ್ ಅವರದು. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡುಗಳಷ್ಟು ಬಾಗಬೇಕೆಂದು ಅವರ ಸಿದ್ಧಾಂತವು ಮುಂಚಿತವಾಗಿ ಹೇಳಿತ್ತು. 1919ರ ಮೇ 29ರ ಸೂರ್ಯಗ್ರಹಣದಂದು ಎಡಿಂಗ್ಟನ್ ಮತ್ತು ಸಂಗಡಿಗರು ಅದನ್ನು ಅಳೆಯಲು ಹೊರಟಾಗ, ಅಳತೆ ಬೇರೆ ಬಂದಿದ್ದರೆ ಸಿದ್ಧಾಂತವು ಅಲ್ಲಿಗೇ ಕುಸಿಯುತ್ತಿತ್ತು. ಈ ಸಾಹಸದಿಂದ ಪ್ರಭಾವಿತರಾದ ತತ್ತ್ವಜ್ಞಾನಿ ಕಾರ್ಲ್ ಪಾಪರ್, ತನ್ನ 1934ರ ಗ್ರಂಥದಲ್ಲಿ ವಿಜ್ಞಾನದ ಲಕ್ಷಣವನ್ನು ಇಲ್ಲಿಯೇ ಗುರುತಿಸಿದರು: ಯಾವುದು ತಾನು ತಪ್ಪಾಗಬಹುದಾದ ಸಂದರ್ಭವನ್ನು ಮೊದಲೇ ಹೆಸರಿಸುತ್ತದೆಯೋ ಅದು ವಿಜ್ಞಾನ. ಚಿನ್ನವೆನಿಸಿಕೊಳ್ಳಬೇಕಾದರೆ ಒರೆಗಲ್ಲಿಗೆ ಮೈಯೊಡ್ಡಬೇಕು.

ವಿಶ್ವವಿಜ್ಞಾನಕ್ಕೆ ಇದು ಇತರ ವಿಜ್ಞಾನಗಳಿಗಿಂತ ಕಷ್ಟದ ಕೆಲಸ. ರಸಾಯನಶಾಸ್ತ್ರಜ್ಞನು ಒಂದೇ ಪ್ರಯೋಗವನ್ನು ನೂರು ಸಲ ಮಾಡಿ ನೋಡಬಲ್ಲ. ವಿಶ್ವವಾದರೋ ನಮಗಿರುವುದು ಒಂದೇ. ಅದನ್ನು ಮತ್ತೊಮ್ಮೆ ಹುಟ್ಟಿಸಿ ನೋಡಲಾಗದು. ಹೊರಗೆ ನಿಂತು ನೋಡಲೂ ಆಗದು. ಆದರೆ ಬೆಳಕು ನಿಧಾನವಾಗಿ ಪ್ರಯಾಣ ಮಾಡುತ್ತದೆಂಬುದು ನಮ್ಮ ಭಾಗ್ಯ. ದೂರವನ್ನು ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದೇ. ಹೀಗಾಗಿ "ಪೂರ್ವಕಾಲದಲ್ಲಿ ಹೀಗಿದ್ದಿರಬೇಕು, ಅದರ ಗುರುತು ಇಂದು ಇಂಥಲ್ಲಿ ಇಂಥ ಪ್ರಮಾಣದಲ್ಲಿ ಸಿಗಬೇಕು" ಎಂದು ಮೊದಲೇ ಹೇಳಿ, ಆಮೇಲೆ ಹುಡುಕಲು ಸಾಧ್ಯವಿದೆ. ನಡೆದುಹೋದ ಸಂಗತಿಯ ಬಗೆಗಿನ ಸಿದ್ಧಾಂತವೂ ಮುಂದೆ ದೊರೆಯಲಿರುವ ಸಾಕ್ಷ್ಯದ ಮುಂದೆ ತಲೆಯೊಡ್ಡಬಲ್ಲದು.

ಹಾಗೆ ತಲೆಯೊಡ್ಡಿದ ಎರಡು ಸಿದ್ಧಾಂತಗಳ ಕಥೆಯನ್ನು ನೆನಪಿಸಿಕೊಳ್ಳೋಣ. ಬೆಲ್ಜಿಯಂ ದೇಶದ ಜಾರ್ಜ್ ಲೆಮೇತ್ರ್ 1923ರಲ್ಲಿ ಗುರುದೀಕ್ಷೆ ಪಡೆದ ಕಥೋಲಿಕ ಗುರುಗಳು, ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಬರೆದ ಅವರು, ಅದು ಒಂದು ಆದಿಮ ಅಣುವಿನಿಂದ ಆರಂಭವಾಗಿರಬೇಕೆಂದು 1931ರಲ್ಲಿ ಸೂಚಿಸಿದರು. ಇದಕ್ಕೆ ಪ್ರತಿಯಾಗಿ 1948ರಲ್ಲಿ ಇಂಗ್ಲೆಂಡಿನ ಫ್ರೆಡ್ ಹೊಯ್ಲ್, ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು: ವಿಶ್ವವು ಹಿಗ್ಗುತ್ತಿದ್ದರೂ ಅದಕ್ಕೆ ಆದಿಯಿಲ್ಲ, ತೆರವಾದ ಜಾಗದಲ್ಲಿ ಹೊಸ ದ್ರವ್ಯವು ಸದಾ ಹುಟ್ಟುತ್ತಿರುವುದರಿಂದ ಅದು ಯಾವ ಕಾಲದಲ್ಲೂ ಒಂದೇ ರೀತಿ ಕಾಣುತ್ತದೆ. "ಮಹಾಸ್ಫೋಟ" ಎಂಬ ಹೆಸರನ್ನು 1949ರಲ್ಲಿ ಬಿಬಿಸಿ ರೇಡಿಯೊ ಭಾಷಣವೊಂದರಲ್ಲಿ ಮೊದಲು ಬಳಸಿದವರು, ಅದನ್ನು ಒಪ್ಪದ ಹೊಯ್ಲ್ ಅವರೇ.

ಆಗ ಸಂಕಟದಲ್ಲಿದ್ದದ್ದು ಲೆಮೇತ್ರ್ ಅವರ ಪಕ್ಷವೇ. ಅಂದಿನ ಅಳತೆಗಳ ಪ್ರಕಾರ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷಗಳೆಂದು ಬರುತ್ತಿತ್ತು. ಭೂಮಿಯ ವಯಸ್ಸು ಅದಕ್ಕಿಂತ ಹೆಚ್ಚೆಂದು ಶಿಲೆಗಳು ಹೇಳುತ್ತಿದ್ದವು. ಮಗಳು ತಾಯಿಗಿಂತ ಹಿರಿಯಳಾಗಲು ಸಾಧ್ಯವೇ? 1952ರಲ್ಲಿ ವಾಲ್ಟರ್ ಬಾಡೆ ಗೆಲಾಕ್ಸಿಗಳ ದೂರದ ಲೆಕ್ಕವನ್ನು ತಿದ್ದಿದ ಬಳಿಕವೇ ಆ ಇಕ್ಕಟ್ಟು ಸಡಿಲವಾಗತೊಡಗಿತು. ಇತ್ತ ಸ್ಥಿರಸ್ಥಿತಿ ಸಿದ್ಧಾಂತವೂ ತನ್ನ ಕುತ್ತಿಗೆಯನ್ನು ಮುಂದೆ ಚಾಚಿತ್ತು. ವಿಶ್ವವು ಸದಾ ಒಂದೇ ರೀತಿ ಇದ್ದರೆ, ಬಹುದೂರದ, ಅಂದರೆ ಬಹುಪ್ರಾಚೀನ ಆಕಾಶವೂ ಸಮೀಪದ ಆಕಾಶದಂತೆಯೇ ಇರಬೇಕು. ಕೇಂಬ್ರಿಡ್ಜ್‌ನ ಮಾರ್ಟಿನ್ ರೈಲ್ ರೇಡಿಯೊ ಆಕರಗಳನ್ನು ಎಣಿಸಿದಾಗ ಹಾಗೆ ಕಾಣಲಿಲ್ಲ. ಕ್ಷೀಣವಾದ ದೂರದ ಆಕರಗಳು ಇರಬೇಕಾದುದಕ್ಕಿಂತ ಹೆಚ್ಚಿದ್ದವು. ಅವರ 1955ರ ಎಣಿಕೆಯಲ್ಲಿ ದೋಷಗಳಿದ್ದವು. 1961ರ ಎಣಿಕೆಯನ್ನು ಮಾತ್ರ ತಳ್ಳಿಹಾಕುವುದು ಸುಲಭವಾಗಲಿಲ್ಲ. 1965ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುತ್ತಿದ್ದ ಕ್ಷೀಣ ವಿಕಿರಣವನ್ನು ಪ್ರಕಟಿಸಿದರು. ವಿಶ್ವವು ಒಮ್ಮೆ ಕಾದಿದ್ದರೆ ಸುಮಾರು 5 ಕೆಲ್ವಿನ್ ತಾಪದ ವಿಕಿರಣ ಉಳಿದಿರಬೇಕೆಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಲೆಕ್ಕ ಹಾಕಿದ್ದರು. ಸಿಕ್ಕಿದ್ದು ಸುಮಾರು 3 ಕೆಲ್ವಿನ್.

ಸ್ಥಿರಸ್ಥಿತಿ ಸಿದ್ಧಾಂತ ಸೋತಿತು. ಆದರೆ ಓದುಗರೇ, ಅದನ್ನು ಹಾಸ್ಯ ಮಾಡುವುದು ತರವಲ್ಲ. ಅದು ಸೋತದ್ದು ತಾನು ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳಿದ್ದರಿಂದ. ರೈಲ್ ಅವರಿಗೆ ಏನನ್ನು ಎಣಿಸಬೇಕೆಂದು ತಿಳಿದದ್ದೇ ಆ ಸ್ಪಷ್ಟತೆಯಿಂದ. ಹೊಯ್ಲ್ ಅವರೂ ನಮ್ಮ ದೇಶದ ಜಯಂತ ನಾರ್ಳೀಕರ್ ಅವರೂ ಜೆಫ್ರಿ ಬರ್ಬಿಜ್ ಅವರೊಡಗೂಡಿ 1993ರಲ್ಲಿ ಅದರ ಪರಿಷ್ಕೃತ ರೂಪವೊಂದನ್ನು ಮಂಡಿಸಿದರು. ಆ ವೇಳೆಗೆ ಕೋಬೆ ಉಪಗ್ರಹವು ಹಿನ್ನೆಲೆ ವಿಕಿರಣದ ವರ್ಣಪಟಲವನ್ನು ಅಳೆದು, ಅದು ಕಾದ ವಸ್ತುವಿನ ಆದರ್ಶ ರೇಖೆಯ ಮೇಲೆಯೇ ಇದೆಯೆಂದು 1990ರಲ್ಲಿ ತೋರಿಸಿಯಾಗಿತ್ತು. ಹೊಸ ರೂಪವು ಆ ವಿಕಿರಣವನ್ನು ವಿವರಿಸಲು ಆಕಾಶದಲ್ಲಿ ಸೂಜಿಯಾಕಾರದ ಲೋಹದ ಕಣಗಳಿವೆಯೆಂದು ಊಹಿಸಬೇಕಾಯಿತು. ಹರಿದ ಬಟ್ಟೆಗೆ ತೇಪೆ ಹಾಕುವುದು ತಪ್ಪಲ್ಲ. ತೇಪೆಗಳೇ ಬಟ್ಟೆಗಿಂತ ಹೆಚ್ಚಾದಾಗ ಉಡುವವರು ಕಡಿಮೆಯಾಗುತ್ತಾರೆ.

ಈ ಹೋರಾಟ ಇನ್ನೂ ತೀರದಿದ್ದ ಕಾಲದಲ್ಲಿ, 1951ರ ನವೆಂಬರ್ 22ರಂದು, ಜಗದ್ಗುರು ಹನ್ನೆರಡನೆಯ ಪಯಸ್ ಅವರು ಪರಮಪೀಠದ ವಿಜ್ಞಾನ ಅಕಾಡೆಮಿಯಲ್ಲಿ ಮಾತನಾಡುತ್ತಾ, ಹೊಸ ವಿಜ್ಞಾನವು ಸೃಷ್ಟಿಯ ಆದಿಗೆ ಸಾಕ್ಷಿ ನುಡಿಯುತ್ತಿದೆಯೆಂಬ ಭಾವವನ್ನು ವ್ಯಕ್ತಪಡಿಸಿದರು. ಇದರಿಂದ ಹೆಚ್ಚು ಹರ್ಷಿಸಬೇಕಾಗಿದ್ದವರು ಲೆಮೇತ್ರ್. ಅವರಿಗೆ ಹರ್ಷವಾಗಲಿಲ್ಲ, ಕಳವಳವಾಯಿತು. ತಮ್ಮ ಸಿದ್ಧಾಂತವು ಧಾರ್ಮಿಕ ಪ್ರಶ್ನೆಗಳ ಆಚೆಗಿನದು ಎಂಬುದು ಅವರ ದೃಢ ನಿಲುವಾಗಿತ್ತು. ಮರುವರ್ಷ ಖಗೋಳಶಾಸ್ತ್ರಜ್ಞರನ್ನು ಉದ್ದೇಶಿಸಿ ಜಗದ್ಗುರುಗಳು ಮಾತನಾಡಿದಾಗ ಆ ಹೋಲಿಕೆ ಮರಳಿ ಬರಲಿಲ್ಲ. ಈ ಪ್ರಸಂಗದಲ್ಲಿ ಗುರುಗಳ ವಿನಯವನ್ನಷ್ಟೇ ಕಂಡು ಮೆಚ್ಚುವವರು ಅದರೊಳಗಿನ ತರ್ಕವನ್ನು ಕಾಣಲಾರರು. ತನ್ನ ಸಿದ್ಧಾಂತ ನಾಳೆ ಸೋಲಬಹುದೆಂದು ಬಲ್ಲ ವಿಜ್ಞಾನಿಯು ಅದರ ಮೇಲೆ ವಿಶ್ವಾಸದ ಮನೆಯನ್ನು ಕಟ್ಟಗೊಡಲಾರ. ವಿಶ್ವಾಸಕ್ಕೆ ಊರುಗೋಲಾಗಿ ಕೊಟ್ಟ ಸಿದ್ಧಾಂತವನ್ನು ಮುರಿದು ನೋಡುವ ಧೈರ್ಯ ಯಾರಿಗೂ ಬಾರದು. ಮುರಿದು ನೋಡದ ಸಿದ್ಧಾಂತ ವಿಜ್ಞಾನವಾಗಿ ಉಳಿಯದು. ನಮ್ಮ ಮೊದಲ ಮಾತಿಗೆ ಇದೇ ಉತ್ತರ.

ಈಗ 2017ರ ವಾದಕ್ಕೆ ಬರೋಣ. ಅದು ನಡೆದದ್ದು "ಉಬ್ಬರ ಸಿದ್ಧಾಂತ"ದ ಸುತ್ತ. ವಿಶ್ವವು ತನ್ನ ಮೊದಲ ಕ್ಷಣದ ಅತ್ಯಲ್ಪ ಅಂಶದಲ್ಲಿ ಊಹೆಗೆ ನಿಲುಕದಷ್ಟು ಹಿಗ್ಗಿತು ಎಂಬ ವಿಚಾರವನ್ನು ಅಲನ್ ಗೂತ್ 1981ರಲ್ಲಿ ಪ್ರಕಟಿಸಿದರು. ಮರುವರ್ಷ ಆಂದ್ರೆಯ್ ಲಿಂಡೆ, ಆಲ್‌ಬ್ರೆಕ್ಟ್ ಮತ್ತು ಪಾಲ್ ಸ್ಟೈನ್‌ಹಾರ್ಟ್ ಅದನ್ನು ಸುಧಾರಿಸಿದರು. ಎಲ್ಲ ದಿಕ್ಕುಗಳ ಆಕಾಶವೂ ಏಕೆ ಒಂದೇ ಸಮನಾಗಿದೆ, ವಿಶ್ವದ ಜ್ಯಾಮಿತಿ ಏಕೆ ಸಪಾಟಾಗಿದೆ ಎಂಬುದಕ್ಕೆ ಅದು ಕಾರಣ ಹೇಳುತ್ತದೆ. ಹಿನ್ನೆಲೆ ವಿಕಿರಣದಲ್ಲಿ ಸೂಕ್ಷ್ಮ ಏರಿಳಿತಗಳಿರಬೇಕು, ಅವು ದೊಡ್ಡ ಅಳತೆಯಲ್ಲೂ ಸಣ್ಣ ಅಳತೆಯಲ್ಲೂ ಹೆಚ್ಚುಕಡಿಮೆ ಸಮಬಲದವಾಗಿರಬೇಕು ಎಂದೂ ಹೇಳುತ್ತದೆ. ಪೂರ್ಣ ಸಮಬಲವಿದ್ದರೆ ಅದನ್ನು ಸೂಚಿಸುವ ಅಂಕ 1 ಆಗಬೇಕು. ಸರಳ ಮಾದರಿಗಳ ಪ್ರಕಾರ ಅದು 1ಕ್ಕಿಂತ ತುಸು ಕಡಿಮೆ. ಏರಿಳಿತಗಳು ಲಕ್ಷದಲ್ಲಿ ಒಂದು ಭಾಗದಷ್ಟಿವೆಯೆಂದು ಕೋಬೆ 1992ರಲ್ಲಿ ಕಂಡಿತು. ಪ್ಲಾಂಕ್ ಉಪಗ್ರಹದ 2018ರ ವರದಿಯಲ್ಲಿ ಆ ಅಂಕ ಸುಮಾರು 0.965. ಇದು ಸಣ್ಣ ಗೆಲುವಲ್ಲ.

ಸೋಲಿನ ಭಯವೂ ಇತ್ತು. ಉಬ್ಬರವು ಗುರುತ್ವ ತರಂಗಗಳನ್ನು ಎಬ್ಬಿಸಿದ್ದರೆ ಅವುಗಳ ಗುರುತು ಹಿನ್ನೆಲೆ ವಿಕಿರಣದಲ್ಲಿ ಸುಳಿಯಾಗಿ ಉಳಿದಿರಬೇಕು. ದಕ್ಷಿಣ ಧ್ರುವದ ಬೈಸೆಪ್-2 ದೂರದರ್ಶಕದ ತಂಡ 2014ರ ಮಾರ್ಚ್ 17ರಂದು ಅದು ಸಿಕ್ಕಿತೆಂದು ಸಾರಿತು. ತರಂಗಗಳ ಪಾಲನ್ನು ಸೂಚಿಸುವ ಅಂಕ 0.2 ಎಂದು ಹೇಳಲಾಯಿತು. ಜಗತ್ತೆಲ್ಲ ಸುದ್ದಿಯಾಯಿತು. ವರ್ಷ ತುಂಬುವುದರೊಳಗೆ ಪ್ಲಾಂಕ್ ತಂಡವೂ ಅದೇ ತಂಡವೂ ಕೂಡಿ ಪರಿಶೀಲಿಸಿದಾಗ, ಕಂಡದ್ದರಲ್ಲಿ ಹೆಚ್ಚಿನದು ನಮ್ಮ ಕ್ಷೀರಪಥದ ಧೂಳಿನ ಪ್ರಭಾವವೆಂದು 2015ರಲ್ಲಿ ತಿಳಿಯಿತು. 2021ರ ಅಳತೆಯ ಪ್ರಕಾರ ಆ ಅಂಕ 0.036ಕ್ಕಿಂತ ಕಡಿಮೆ. ಈ ಮಿತಿಯಿಂದಾಗಿ, ಪಠ್ಯಪುಸ್ತಕಗಳಲ್ಲಿ ಮೊದಲಿಗೆ ಕಲಿಸುತ್ತಿದ್ದ ಉಬ್ಬರದ ಅತಿ ಸರಳ ಮಾದರಿಗಳು ಕೆಲವು ಬಿದ್ದುಹೋದವು. ಉಬ್ಬರ ಸಿದ್ಧಾಂತವೇ ಬಿತ್ತೇ? ಇಲ್ಲ. ಬೇರೆ ಮಾದರಿಗಳು ಉಳಿದವು.

ಇಲ್ಲಿಯೇ ಜಗಳ. 2017ರ ಆರಂಭದಲ್ಲಿ ಅನ್ನಾ ಇಜ್ಜಾಸ್, ಸ್ಟೈನ್‌ಹಾರ್ಟ್ ಮತ್ತು ಅವಿ ಲೋಬ್ "ಸೈಂಟಿಫಿಕ್ ಅಮೆರಿಕನ್" ಪತ್ರಿಕೆಯಲ್ಲಿ ಬರೆದರು. ಸಿದ್ಧಾಂತದ ನಿರ್ಮಾಪಕರಲ್ಲೊಬ್ಬರಾದ ಸ್ಟೈನ್‌ಹಾರ್ಟ್ ಈಗ ಅದರ ಕಟು ವಿಮರ್ಶಕರು. ಅವರ ಆಕ್ಷೇಪವಿದು: ಉಬ್ಬರವು ಒಮ್ಮೆ ಆರಂಭವಾದರೆ ಎಲ್ಲೆಡೆ ನಿಲ್ಲದೆ, ಎಣಿಕೆಗೆ ಸಿಗದಷ್ಟು ವಿಶ್ವಗಳನ್ನು ಹುಟ್ಟಿಸುತ್ತ ಹೋಗುತ್ತದೆ, ಆ ವಿಶ್ವಗಳಲ್ಲಿ ಸಂಭವಿಸಬಹುದಾದುದೆಲ್ಲ ಎಲ್ಲೋ ಸಂಭವಿಸುತ್ತದೆ, ಹಾಗಾದರೆ ಯಾವ ಅಳತೆ ಬಂದರೂ ಸಿದ್ಧಾಂತಕ್ಕೆ ಚ್ಯುತಿಯಿಲ್ಲ, ಆದ್ದರಿಂದ ಅದನ್ನು ಪರೀಕ್ಷಿಸಲಾಗದು. ಇದಕ್ಕೆ ಗೂತ್, ಲಿಂಡೆ, ಸ್ಟೀಫನ್ ಹಾಕಿಂಗ್ ಮೊದಲಾದ 33 ವಿಜ್ಞಾನಿಗಳು ಸಹಿ ಹಾಕಿ ಉತ್ತರ ಬರೆದರು. ಉಬ್ಬರವೆಂಬುದು ಒಂದೇ ಸಿದ್ಧಾಂತವಲ್ಲ, ಮಾದರಿಗಳ ಗುಂಪು. ಪ್ರತಿ ಮಾದರಿಯನ್ನೂ ಪರೀಕ್ಷಿಸಬಹುದು, ಹಲವು ಈಗಾಗಲೇ ಸೋತಿವೆ. ಕಣಭೌತದ ಆದರ್ಶ ಮಾದರಿಯಲ್ಲೂ ಪ್ರಯೋಗದಿಂದಲೇ ತುಂಬಬೇಕಾದ 19 ಅಥವಾ ಹೆಚ್ಚು ಅಂಕಗಳಿವೆ, ಹಾಗೆಂದು ಅದನ್ನು ಯಾರೂ ವಿಜ್ಞಾನವಲ್ಲ ಎನ್ನುವುದಿಲ್ಲ ಎಂಬುದು ಅವರ ವಾದ.

ಎರಡು ಪಕ್ಷಗಳ ಮಾತಿನಲ್ಲೂ ಸತ್ಯವಿದೆ, ಎರಡರಲ್ಲೂ ಸಡಿಲವಿದೆ. ಮೂವರ ಲೇಖನವು ಮಾದರಿಗಳು ಬಿದ್ದುದನ್ನು ಸಿದ್ಧಾಂತದ ದೌರ್ಬಲ್ಯವೆಂದೂ, ಸಿದ್ಧಾಂತವು ಬೀಳದಿರುವುದನ್ನು ಅದರ ಅವೈಜ್ಞಾನಿಕತೆಯೆಂದೂ ಒಂದೇ ಉಸಿರಿನಲ್ಲಿ ಹೇಳುತ್ತದೆ. 0.036 ಎಂಬ ಮಿತಿ ಕೆಲವು ಮಾದರಿಗಳನ್ನು ಕೊಲ್ಲಬಲ್ಲದಾದರೆ, ಅಷ್ಟರಮಟ್ಟಿಗೆ ಅಲ್ಲಿ ಪರೀಕ್ಷೆ ನಡೆದಿದೆಯೆಂದು ಒಪ್ಪಲೇಬೇಕು. ಆದರೆ 33 ಮಂದಿಯ ಹೋಲಿಕೆಯೂ ಪೂರ್ತಿ ಹೊಂದುವುದಿಲ್ಲ. ಕಣಭೌತದಲ್ಲಿ ಆ ಅಂಕಗಳನ್ನು ಒಮ್ಮೆ ಅಳೆದು ತುಂಬಿದ ಮೇಲೆ ಕೈ ಕಟ್ಟಿದಂತಾಗುತ್ತದೆ. ಆಮೇಲಿನ ನೂರಾರು ಪ್ರಯೋಗಗಳ ಫಲವನ್ನು ಅದು ಹೊಸ ಸ್ವಾತಂತ್ರ್ಯವಿಲ್ಲದೆ ಹೇಳಬೇಕು. ಉಬ್ಬರದಲ್ಲಿ ಒಂದು ಮಾದರಿ ಬಿದ್ದೊಡನೆ ಇನ್ನೊಂದನ್ನು ನಿಲ್ಲಿಸುವ ಅವಕಾಶ ಇಂದಿಗೂ ಧಾರಾಳವಾಗಿದೆ. ಅಂಕಗಳೆಷ್ಟು ಎಂಬುದಕ್ಕಿಂತ, ಅಳೆದ ಮೇಲೆ ಉಳಿಯುವ ಸಲುಗೆಯೆಷ್ಟು ಎಂದು ಕೇಳುವುದೇ ಸರಿ. ಇನ್ನು ಸಹಿಗಳ ಸಂಖ್ಯೆಯಂತೂ ಸಾಕ್ಷ್ಯವೇ ಅಲ್ಲ. ಅದನ್ನು ಆ ಸಹಿದಾರರೇ ಮೊದಲು ಒಪ್ಪುವರು.

ಬಹುವಿಶ್ವದ ಪರವಾಗಿ ಹೇಳಬಹುದಾದ ಬಲವಾದ ಮಾತನ್ನೂ ಮುಚ್ಚಿಡಬಾರದು. ವಿಶ್ವವನ್ನು ಹಿಗ್ಗಿಸುವ ಸ್ಥಿರಾಂಕವು ಬೇರೆಬೇರೆ ವಿಶ್ವಗಳಲ್ಲಿ ಬೇರೆಬೇರೆಯಾಗಿದ್ದರೆ, ಗೆಲಾಕ್ಸಿಗಳು ಹುಟ್ಟಬಲ್ಲ ವಿಶ್ವದಲ್ಲಿ ಮಾತ್ರ ಅದನ್ನು ಅಳೆಯುವವರು ಇರಲು ಸಾಧ್ಯ. ಆದ್ದರಿಂದ ಅದು ಇಂಥ ಮಿತಿಯನ್ನು ಮೀರಲಾರದು ಎಂದು ಸ್ಟೀವನ್ ವೈನ್‌ಬರ್ಗ್ 1987ರಲ್ಲೇ ವಾದಿಸಿದ್ದರು. 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆಯೆಂದು ತಿಳಿದಾಗ, ದೊರೆತ ಮೌಲ್ಯವು ಆ ಮಿತಿಯೊಳಗೇ ಇತ್ತು. ಇದು ಮೆಚ್ಚತಕ್ಕದ್ದು. ಆದರೆ ಆ ಒಂದು ಮಿತಿಯಿಂದ ಕಾಣದ ಕೋಟಿ ವಿಶ್ವಗಳ ಇರವು ಸಿದ್ಧವಾಗದು. ಅವುಗಳಲ್ಲೊಂದನ್ನೂ ಬೆಳಕು ನಮಗೆ ತಲುಪಿಸದು. ಜಾರ್ಜ್ ಎಲ್ಲಿಸ್ ಮತ್ತು ಜೋಸೆಫ್ ಸಿಲ್ಕ್ 2014ರಲ್ಲಿ "ನೇಚರ್" ಪತ್ರಿಕೆಯಲ್ಲಿ ಎಚ್ಚರಿಸಿದ್ದು ಇದನ್ನೇ: ಸಿದ್ಧಾಂತದ ಸೊಬಗನ್ನು ನೋಡಿ ಪರೀಕ್ಷೆಯಿಂದ ವಿನಾಯಿತಿ ಕೊಡಲು ಹೊರಟರೆ ವಿಜ್ಞಾನಕ್ಕಿರುವ ಜನರ ನಂಬಿಕೆಯೇ ಸಡಿಲವಾಗುತ್ತದೆ. ಆ ಎಚ್ಚರಿಕೆ ಸರಿಯಾದುದೆಂದೇ ಈ ಲೇಖಕನ ಅಭಿಪ್ರಾಯ. ಬಹುವಿಶ್ವವು ಸುಳ್ಳೆಂದು ಹೇಳುವ ಅಧಿಕಾರ ನಮಗಿಲ್ಲ. ಅದು ತಿಳಿದ ಸಂಗತಿಯೆಂದು ಹೇಳುವ ಅಧಿಕಾರ ಅವರಿಗೂ ಇಲ್ಲ.

ಹಾಗಾದರೆ ನಿಜವಾದ ಪರೀಕ್ಷೆ ಹೇಗಿರುತ್ತದೆ? ದೂರ ಹೋಗಬೇಕಾಗಿಲ್ಲ, ನಮ್ಮ ಶರಾವತಿ ಹಿನ್ನೀರಿನವರೆಗೆ ಹೋದರೆ ಸಾಕು. 2018ರ ಮಾರ್ಚ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ರೇಡಿಯೊ ಆಂಟೆನಾ ನೆಟ್ಟಿದ್ದ ಎಡ್ಜಸ್ ಎಂಬ ತಂಡವು, ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಗುರುತು 78 ಮೆಗಾಹರ್ಟ್ಸ್ ಸುತ್ತ ಸಿಕ್ಕಿತೆಂದು ಪ್ರಕಟಿಸಿತು. ಅದರ ಆಳ ನಿರೀಕ್ಷೆಯ ಎರಡು ಪಟ್ಟಿಗೂ ಹೆಚ್ಚು. ಅದನ್ನು ವಿವರಿಸಲು ಅಜ್ಞಾತ ದ್ರವ್ಯದ ಹೊಸ ಗುಣಗಳನ್ನು ಊಹಿಸುವ ಲೇಖನಗಳು ಬಂದವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಆಂಟೆನಾದ ಕೆಳಗಿನ ನೆಲವು ಪದರಪದರವಾಗಿದ್ದು ಅಳತೆಯನ್ನು ಕೆಡಿಸಬಹುದು, ನೀರು ಏಕರೂಪವಾಗಿರುತ್ತದೆ. ಆದ್ದರಿಂದ ಸಾರಸ್-3 ಎಂಬ ತಮ್ಮ ಉಪಕರಣವನ್ನು ತೇಲುವ ತೆಪ್ಪದ ಮೇಲಿರಿಸಿ, 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ಆಕಾಶಕ್ಕೆ ಕಿವಿಗೊಟ್ಟರು. ಹೇಳಲಾದ ಗುರುತು ಅವರಿಗೆ ಸಿಗಲಿಲ್ಲ. ಶೇಕಡಾ 95.3ರ ಭರವಸೆಯೊಂದಿಗೆ ಆ ಗುರುತನ್ನು ನಿರಾಕರಿಸುವ ಅವರ ವರದಿ 2022ರಲ್ಲಿ ಪ್ರಕಟವಾಯಿತು.

ಇದರಲ್ಲಿ ಆಸ್ಟ್ರೇಲಿಯಾದಲ್ಲಿ ಅಳೆದವರಿಗೂ ಗೌರವವಿದೆಯೆಂಬುದನ್ನು ಮರೆಯಬಾರದು. ಯಾವ ತರಂಗಾಂತರದಲ್ಲಿ, ಎಷ್ಟು ಆಳದ, ಯಾವ ಆಕಾರದ ಗುರುತೆಂದು ಅವರು ಬರೆದಿಟ್ಟಿದ್ದರು. ಹಾಗೆ ಬರೆದಿದ್ದರಿಂದಲೇ ಸಾವಿರಾರು ಮೈಲಿ ದೂರದಲ್ಲಿ ತೆಪ್ಪ ತೇಲಿಬಿಟ್ಟವರು ಅದನ್ನು ಪ್ರಶ್ನಿಸಬಲ್ಲವರಾದರು. ಇಂಥ ಪ್ರಾಮಾಣಿಕತೆ ಮಹಾಸ್ಫೋಟ ಸಿದ್ಧಾಂತವನ್ನೂ ಬಿಟ್ಟಿಲ್ಲ. ವಿಶ್ವದ ಹಿಗ್ಗುವಿಕೆಯ ವೇಗ ಪ್ಲಾಂಕ್ ಲೆಕ್ಕದಲ್ಲಿ 67ರ ಆಸುಪಾಸು ಬಂದರೆ, ಸಮೀಪದ ಗೆಲಾಕ್ಸಿಗಳ ಅಳತೆಯಲ್ಲಿ 73ರ ಆಸುಪಾಸು ಬರುತ್ತಿದೆ. ಈ ಅಂತರವನ್ನು ವಿಜ್ಞಾನಿಗಳು ಚಾಪೆಯ ಕೆಳಗೆ ತಳ್ಳಿಲ್ಲ. ಅದರ ಕಾರಣವನ್ನು ಹುಡುಕುತ್ತ ಹಗಲಿರುಳು ದುಡಿಯುತ್ತಿದ್ದಾರೆ. 1,380 ಕೋಟಿ ವರ್ಷಗಳ ಚರಿತ್ರೆಯನ್ನು ಹೇಳುವ ಸಿದ್ಧಾಂತವೊಂದು ಇಷ್ಟು ಸಣ್ಣ ವ್ಯತ್ಯಾಸಕ್ಕೂ ಉತ್ತರ ಕೊಡಬೇಕಾಗಿ ಬಂದಿರುವುದೇ ಅದರ ಆರೋಗ್ಯದ ಲಕ್ಷಣ.

ಆದ್ದರಿಂದ ಓದುಗರೇ, ಮಕ್ಕಳು ಬಹುವಿಶ್ವದ ಮಾತನ್ನು ಮನೆಗೆ ತಂದಾಗ ಗದರಬೇಡಿ, ಗಾಬರಿಯನ್ನೂ ಪಡಬೇಡಿ. ಅವರ ಜೊತೆ ಕುಳಿತು ಕೇಳಿ: ಈ ಸಿದ್ಧಾಂತವು ಏನು ಕಾಣಬಾರದೆಂದು ಹೇಳುತ್ತದೆ? ಅದನ್ನು ಅಳತೆಗೆ ಮುಂಚೆಯೇ ಹೇಳಿತ್ತೇ, ಆಮೇಲೆ ಹೊಂದಿಸಿಕೊಂಡಿತೇ? ಒಪ್ಪದವರೂ ಹೋಗಿ ಅಳೆದು ನೋಡಬಹುದೇ? ಇದೇ ಪ್ರಶ್ನೆಗಳನ್ನು, ಮಹಾಸ್ಫೋಟದಿಂದ ದೇವರನ್ನು ಸಾಬೀತುಪಡಿಸಿದೆನೆನ್ನುವ ಹಿರಿಯರಿಗೂ ಅಷ್ಟೇ ವಿನಯದಿಂದ ಕೇಳಿ. ಆದಿಕಾಂಡವು ಯಾವ ಉಪಗ್ರಹದ ವರದಿಗಾಗಿಯೂ ಕಾದು ಕುಳಿತಿಲ್ಲ. ಉಪಗ್ರಹಗಳು ಅದನ್ನು ಸಮರ್ಥಿಸಲು ಹೋದವೂ ಅಲ್ಲ. ಪರೀಕ್ಷಿಸಿದ್ದು ಯಾವುದು, ಪರೀಕ್ಷಿಸಬಹುದಾದದ್ದು ಯಾವುದು, ಇನ್ನೂ ಊಹೆಯಾಗಿರುವುದು ಯಾವುದು ಎಂದು ಬೇರ್ಪಡಿಸಿ ಹೇಳಲು ಕಲಿತ ಮಗು, ನಾಳೆ ಪ್ರಯೋಗಾಲಯಕ್ಕೆ ಹೋದರೂ ದೇವಾಲಯಕ್ಕೆ ಬಂದರೂ ಸುಳ್ಳಿಗೆ ಸುಲಭವಾಗಿ ಮಣಿಯದು.